ಒಣ ಚರ್ಮದ ಪಾಲನೆ: ಯಾವುದು ಮೊದಲು, ಯಾವುದು ಅನಂತರ?

ದೀಪಾವಳಿ ಕಳೆದು ಎಳ್ಳಮಾವಾಸ್ಯೆ ಸಮೀಪಿಸುವ ಹೊತ್ತಿಗೆ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ಥಂಡಿ ಗಾಳಿ ಬೀಸತೊಡಗುತ್ತದೆ. ಬೀದರ್ ಜಿಲ್ಲೆಯು ಸಮುದ್ರದಿಂದ ಬಹುದೂರದಲ್ಲಿರುವ ಎತ್ತರದ ಪ್ರಸ್ಥಭೂಮಿ. ಇಲ್ಲಿ ಕೆಲವು ವರ್ಷಗಳಲ್ಲಿ ಬೆಳಗಿನ ಉಷ್ಣಾಂಶವು 10 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗೆ ಇಳಿಯುವುದುಂಟು. ಆಗ ತುಟಿ ಒಡೆಯುತ್ತದೆ, ಮೊಣಕಾಲಿನ ಕೆಳಗೆ ಚರ್ಮವು ಮೀನಿನ ಹುರುಪೆಯಂತೆ ಏಳುತ್ತದೆ, ಉಗುರಿನಿಂದ ಗೀರಿದರೆ ಬಿಳಿಯ ಗೆರೆ ಮೂಡುತ್ತದೆ, ಹಿಮ್ಮಡಿಗಳು ಬಿರಿಯುತ್ತವೆ. ಹೊಲದಲ್ಲಿ ತೊಗರಿ ಕೊಯ್ಯುವವರಿಗೂ, ಕಬ್ಬು ಕಡಿಯುವವರಿಗೂ, ಮನೆಯಲ್ಲಿ ಪಾತ್ರೆ ತೊಳೆಯುವ ಗೃಹಿಣಿಯರಿಗೂ, ವಾಹನ ದುರಸ್ತಿ ಮಾಡುವ ಕಾರ್ಮಿಕರಿಗೂ ಈ ತೊಂದರೆ ತಪ್ಪಿದ್ದಲ್ಲ.

ಇದನ್ನು ಕೇವಲ ಅಂದಚೆಂದದ ವಿಷಯವೆಂದು ತಿಳಿಯಬಾರದು. ಒಡೆದ ಚರ್ಮವು ಬಾಗಿಲು ತೆರೆದ ಮನೆಯಿದ್ದಂತೆ. ಅದರ ಮೂಲಕ ರೋಗಾಣುಗಳು ಸುಲಭವಾಗಿ ಒಳಸೇರುವುವು. ಸಕ್ಕರೆ ಕಾಯಿಲೆಯುಳ್ಳವರಲ್ಲಿ ಹಿಮ್ಮಡಿಯ ಒಂದು ಸಣ್ಣ ಬಿರುಕು ಕಾಲನ್ನೇ ಕಳೆದುಕೊಳ್ಳುವ ಸ್ಥಿತಿಗೆ ಒಯ್ಯಬಹುದು. ಆದುದರಿಂದ ಪ್ರತಿಯೊಂದು ಕುಟುಂಬವೂ ಚರ್ಮದ ಪಾಲನೆಯ ಸರಿಯಾದ ಕ್ರಮವನ್ನು ಅರಿತಿರುವುದು ಅವಶ್ಯಕ.

ಒಮ್ಮೆ ಹೊರರೋಗಿ ವಿಭಾಗಕ್ಕೆ ಬಂದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತನ್ನ ಚೀಲದಿಂದ ಐದು ಸೀಸೆ, ಟ್ಯೂಬುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇರಿಸಿದಳು. "ಇಷ್ಟೆಲ್ಲಾ ಹಚ್ಚಿದರೂ ಮಾರಿ ಉರಿಯೂದು ನಿಂತಿಲ್ರಿ" ಎಂದಳು. ವಿಚಾರಿಸಲಾಗಿ, ಆಕೆ ಮೊದಲು ವ್ಯಾಸಲೀನನ್ನು ಒಣಗಿದ ಮುಖಕ್ಕೆ ಬಳಿದು, ಅದರ ಮೇಲೆ ನೀರಿನಂತಹ ಸೀರಂ ಹಚ್ಚುತ್ತಿದ್ದಳೆಂದು ತಿಳಿಯಿತು. ಐದನೆಯ ಟ್ಯೂಬು ಯಾವುದೆಂಬುದನ್ನು ಮುಂದೆ ಹೇಳುವೆನು. ಸಾಮಗ್ರಿಗಳು ಹೆಚ್ಚಾದಷ್ಟೂ ಫಲ ಹೆಚ್ಚೆಂಬ ಭಾವನೆ ಸರಿಯಲ್ಲ. ಕ್ರಮ ತಪ್ಪಿದರೆ ಹಣವೂ ವ್ಯರ್ಥ, ಚರ್ಮಕ್ಕೂ ಹಾನಿ.

ಚರ್ಮದ ರಚನೆ

ಚರ್ಮವು ನಮ್ಮ ಶರೀರದ ಅತಿ ವಿಸ್ತಾರವಾದ ಅಂಗ. ಬೆಳೆದ ವ್ಯಕ್ತಿಯಲ್ಲಿ ಇದರ ವಿಸ್ತೀರ್ಣ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರುಗಳು. ಇದರ ಅತ್ಯಂತ ಹೊರಗಿನ ಪದರವು ಸತ್ತ ಜೀವಕೋಶಗಳಿಂದ ಆದುದು. ಕಾಗದಕ್ಕಿಂತಲೂ ತೆಳ್ಳಗಿರುವ ಈ ಪದರವೇ ನಮ್ಮ ದೇಹದ ನೀರನ್ನು ಒಳಗೆ ತಡೆದು ಹಿಡಿದಿರುವ ಗೋಡೆ.

ಈ ಗೋಡೆಯನ್ನು ಇಟ್ಟಿಗೆಯ ಕಟ್ಟಡಕ್ಕೆ ಹೋಲಿಸಬಹುದು. ಸತ್ತ ಜೀವಕೋಶಗಳೇ ಇಟ್ಟಿಗೆಗಳು. ಅವುಗಳ ನಡುವೆ ಗಾರೆಯಂತೆ ತುಂಬಿರುವುದು ಸೆರಮೈಡು, ಕೊಲೆಸ್ಟೆರಾಲು ಮತ್ತು ಕೊಬ್ಬಿನ ಆಮ್ಲಗಳೆಂಬ ಜಿಡ್ಡಿನ ಪದಾರ್ಥಗಳು. ಇಟ್ಟಿಗೆಗಳ ಒಳಗೆ ನೀರನ್ನು ಹಿಡಿದಿಡುವ ಪದಾರ್ಥಗಳೂ ಇರುತ್ತವೆ. ಗಾರೆ ಉದುರಿದರೆ ಗೋಡೆಯಲ್ಲಿ ಸಂದು ಬೀಳುವಂತೆ, ಜಿಡ್ಡು ಕರಗಿಹೋದರೆ ಚರ್ಮದೊಳಗಿನ ನೀರು ಆವಿಯಾಗಿ ಹೊರಹೋಗುತ್ತದೆ. ಆಗ ಚರ್ಮವು ಬಿಗಿಯಾಗಿ, ಒರಟಾಗಿ, ಕೊನೆಗೆ ಬಿರಿಯುತ್ತದೆ. ಹೊರಪದರವು ಸಂಪೂರ್ಣ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ಆದುದರಿಂದ ಯಾವ ಲೇಪನವನ್ನಾದರೂ ಎರಡು ದಿನ ಹಚ್ಚಿ, ಗುಣವಿಲ್ಲವೆಂದು ಬಿಟ್ಟುಬಿಡುವುದು ಸರಿಯಲ್ಲ.

ಚರ್ಮವು ಒಣಗಲು ಕಾರಣಗಳು

1. ಒಣ ಹವೆ: ಥಂಡಿ ಗಾಳಿಯಲ್ಲಿ ನೀರಿನ ಅಂಶ ಕಡಿಮೆ. ಅದು ಚರ್ಮದಿಂದ ನೀರನ್ನು ಹೀರುತ್ತದೆ. ಬೇಸಿಗೆಯ ಬಿಸಿಗಾಳಿಯೂ ಇದೇ ಕೆಲಸವನ್ನು ಮಾಡುತ್ತದೆ.

2. ಅತಿ ಬಿಸಿಯಾದ ನೀರು: ಹಂಡೆಯ ಸುಡುವ ನೀರನ್ನು ಬಹಳ ಹೊತ್ತು ಮೈಮೇಲೆ ಸುರಿದುಕೊಳ್ಳುವುದು ಹಿತವೆನಿಸಿದರೂ, ಆ ನೀರು ಚರ್ಮದ ಜಿಡ್ಡನ್ನು ಕರಗಿಸಿ ಒಯ್ಯುತ್ತದೆ. ಜಿಡ್ಡು ಹಿಡಿದ ತಟ್ಟೆಯು ಬಿಸಿನೀರಿನಲ್ಲಿ ಬೇಗನೆ ಸ್ವಚ್ಛವಾಗುವುದನ್ನು ನೀವು ಕಂಡಿರುವಿರಿ.

3. ಸಾಬೂನು: ಚರ್ಮದ ಮೇಲ್ಮೈ ಸ್ವಲ್ಪ ಆಮ್ಲ ಗುಣವುಳ್ಳದ್ದು. ಸಾಬೂನಾದರೋ ಕ್ಷಾರ. ಬಟ್ಟೆ ಒಗೆಯುವ ಸಾಬೂನನ್ನು ಮೈಗೆ ಹಚ್ಚುವುದು, ಗ್ರೀಸು ಹೋಗಲೆಂದು ಸೀಮೆಎಣ್ಣೆ, ಪೆಟ್ರೋಲು ಅಥವಾ ಸೋಡಾಪುಡಿಯಿಂದ ಕೈ ತಿಕ್ಕುವುದು ಅತ್ಯಂತ ಹಾನಿಕರ.

4. ಗಡಸು ನೀರು: ಗಡಸಾದ ಕೊಳವೆಬಾವಿಯ ನೀರಿನಲ್ಲಿ ಸಾಬೂನು ನೊರೆಗಟ್ಟದೆ ಚರ್ಮದ ಮೇಲೆ ಕಿಟ್ಟವಾಗಿ ಉಳಿಯುತ್ತದೆ. ನೊರೆ ಬರಲೆಂದು ಇನ್ನಷ್ಟು ಸಾಬೂನು ಉಜ್ಜುವುದರಿಂದ ಒಣಗುವಿಕೆ ಹೆಚ್ಚುತ್ತದೆ.

5. ಬೆಂಕಿ ಕಾಯಿಸಿಕೊಳ್ಳುವುದು: ಪ್ರತಿದಿನ ಒಲೆ ಅಥವಾ ಕುಂಪಟಿಯ ಹತ್ತಿರ ಕುಳಿತರೆ ಕಾಲಿನ ಚರ್ಮವು ಒಣಗಿ, ಬಲೆಯ ಆಕಾರದ ಕಂದು ಕಲೆಗಳು ಮೂಡುವುವು.

6. ವಯಸ್ಸು ಮತ್ತು ರೋಗಗಳು: ವೃದ್ಧರಲ್ಲಿ ಜಿಡ್ಡಿನ ಉತ್ಪತ್ತಿ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಕೊರತೆ ಮತ್ತು ಮೂತ್ರಪಿಂಡದ ರೋಗಗಳಲ್ಲಿಯೂ ಚರ್ಮವು ಒಣಗುತ್ತದೆ.

ಲೇಪನಗಳಲ್ಲಿ ಮೂರು ಬಗೆ

ಅಂಗಡಿಯಲ್ಲಿ ದೊರೆಯುವ ಲೇಪನಗಳಿಗೆ ನೂರಾರು ಹೆಸರುಗಳಿದ್ದರೂ, ಒಣ ಚರ್ಮಕ್ಕೆ ಅವು ಮಾಡುವ ಕೆಲಸ ಮೂರೇ.

ಮೊದಲನೆಯದು, ನೀರನ್ನು ಎಳೆದು ಹಿಡಿಯುವ ಪದಾರ್ಥಗಳು. ಗ್ಲಿಸರೀನು, ಹೈಯಲುರಾನಿಕ್ ಆಮ್ಲ ಮತ್ತು ಔಷಧ ರೂಪದ ಯೂರಿಯಾ ಈ ವರ್ಗಕ್ಕೆ ಸೇರಿದವು. ಇವುಗಳನ್ನು ಒಣ ಚರ್ಮಕ್ಕೆ ಹಚ್ಚಿ ಹಾಗೆಯೇ ಬಿಟ್ಟರೆ, ಒಣ ಹವೆಯಲ್ಲಿ ಇವು ಚರ್ಮದ ಒಳಗಿನ ನೀರನ್ನೇ ಮೇಲಕ್ಕೆ ಎಳೆಯಬಹುದು. ಗ್ಲಿಸರೀನನ್ನು ನೀರು ಬೆರೆಸದೆ ಹಚ್ಚಿದಾಗ ಉರಿಯುವುದೂ ಇದೇ ಕಾರಣದಿಂದ.

ಎರಡನೆಯದು, ಸಂದುಗಳನ್ನು ತುಂಬಿ ನುಣುಪು ಮಾಡುವ ಪದಾರ್ಥಗಳು. ಮಾಯಿಶ್ಚರೈಸರ್ ಎಂದು ಕರೆಯಲ್ಪಡುವ ಕ್ರೀಮುಗಳಲ್ಲಿ ಇವು ಮುಖ್ಯವಾಗಿರುತ್ತವೆ. ಇವು ಉದುರಿದ ಗಾರೆಯ ಸ್ಥಾನವನ್ನು ತುಂಬುವುವು.

ಮೂರನೆಯದು, ಮುಚ್ಚಳದಂತೆ ಮೇಲೆ ನಿಂತು ನೀರು ಆವಿಯಾಗದಂತೆ ತಡೆಯುವ ಪದಾರ್ಥಗಳು. ಇವುಗಳಲ್ಲಿ ವ್ಯಾಸಲೀನು ಎಂದು ಜನರು ಕರೆಯುವ ಪೆಟ್ರೋಲಿಯಂ ಜೆಲ್ಲಿ ಶ್ರೇಷ್ಠವಾದುದು. 1872ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೋ ಎಂಬಾತ ಇದನ್ನು ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಒಂದೂವರೆ ಶತಮಾನ ಕಳೆದರೂ, ಇಷ್ಟು ಅಗ್ಗವಾಗಿ ಇದರಷ್ಟು ಪರಿಣಾಮ ನೀಡುವ ಇನ್ನೊಂದು ಪದಾರ್ಥ ದೊರೆಯುವುದು ಕಷ್ಟ. ಆದರೆ ಇದರಲ್ಲಿ ನೀರಿಲ್ಲ. ಇದು ನೀರನ್ನು ಕೊಡುವುದೂ ಇಲ್ಲ. ಇರುವ ನೀರನ್ನು ಕಾಯುವುದಷ್ಟೇ ಇದರ ಕೆಲಸ. ಖಾಲಿ ಪಾತ್ರೆಗೆ ಮುಚ್ಚಳ ಹಾಕಿದರೆ ಪ್ರಯೋಜನವೇನು?

ಹಚ್ಚುವ ಕ್ರಮ

ಇಡೀ ಪಾಠದ ಸಾರವು ಈ ಒಂದು ಸೂತ್ರದಲ್ಲಿದೆ: ಮೊದಲು ನೀರು, ಅನಂತರ ತೆಳುವಾದದ್ದು, ಕೊನೆಗೆ ಗಟ್ಟಿಯಾದದ್ದು. ಜಿಡ್ಡಿನ ಮೇಲೆ ನೀರು ನಿಲ್ಲದೆ ಜಾರುವುದು ಎಲ್ಲರಿಗೂ ತಿಳಿದ ಸಂಗತಿ. ಆದುದರಿಂದ ಜಿಡ್ಡನ್ನು ಮೊದಲೇ ಬಳಿದರೆ ಮೇಲೆ ಹಚ್ಚಿದ ನೀರಿನಂತಹ ಲೇಪನವು ಚರ್ಮವನ್ನು ಸರಿಯಾಗಿ ತಲುಪಲಾರದು.

ಮೊದಲನೆಯ ಹಂತ, ತೊಳೆಯುವುದು: ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿರಿ. ಸಾಬೂನನ್ನು ಕಂಕುಳು, ತೊಡೆಸಂದು, ಕೈ, ಪಾದಗಳಿಗೆ ಮಾತ್ರ ಹಚ್ಚಿದರೂ ಸಾಕು. ಸಾಬೂನಿನ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂಬ ಪ್ರಮಾಣವನ್ನು ಮುದ್ರಿಸಿರುತ್ತಾರೆ. ಇದು 76 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಮೊದಲ ದರ್ಜೆಯ ಸ್ನಾನದ ಸಾಬೂನು. ಅದರಲ್ಲಿ ಬೆರಕೆಯ ಪದಾರ್ಥ ಕಡಿಮೆ. ಮೈಯನ್ನು ಕಲ್ಲಿನಿಂದಾಗಲಿ ಒರಟು ನಾರಿನಿಂದಾಗಲಿ ತಿಕ್ಕಬಾರದು.

ಎರಡನೆಯ ಹಂತ, ಒತ್ತಿ ಒರೆಸುವುದು: ಮೆತ್ತನೆಯ ಬಟ್ಟೆಯಿಂದ ಉಜ್ಜದೆ, ಒತ್ತಿ ನೀರನ್ನು ತೆಗೆಯಿರಿ. ಚರ್ಮವು ಇನ್ನೂ ತೇವವಾಗಿಯೇ ಇರಬೇಕು. ಮುಂದಿನ ಲೇಪನಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ತಡಮಾಡಬಾರದು. ಲೇಪನದ ಡಬ್ಬಿಯನ್ನು ಬಚ್ಚಲುಮನೆಯ ಬಾಗಿಲ ಬಳಿಯೇ ಇರಿಸಿಕೊಂಡರೆ ಅನುಕೂಲ.

ಮೂರನೆಯ ಹಂತ, ನೀರಿನಂತಹ ಲೇಪನ: ಟೋನರ್ ಅಥವಾ ಸೀರಂ ಉಪಯೋಗಿಸುವವರು ಈಗ ಹಚ್ಚಬೇಕು. ಇವು ಇಲ್ಲದಿದ್ದರೆ ನಷ್ಟವೇನೂ ಇಲ್ಲ. ಮದ್ಯಸಾರವುಳ್ಳ ಟೋನರ್ ಒಣ ಚರ್ಮಕ್ಕೆ ತಕ್ಕುದಲ್ಲ.

ನಾಲ್ಕನೆಯ ಹಂತ, ಕ್ರೀಮು: ಸುವಾಸನೆಯಿಲ್ಲದ ಮಾಯಿಶ್ಚರೈಸರನ್ನು ರೋಮ ಬೆಳೆದ ದಿಕ್ಕಿನಲ್ಲಿ ಮೆಲ್ಲಗೆ ಸವರಿರಿ. ಕ್ರೀಮಿನಲ್ಲಿ ನೀರೂ ಜಿಡ್ಡೂ ಎರಡೂ ಇರುವುದರಿಂದ ಬಹುಮಂದಿಗೆ ಇದೊಂದೇ ಸಾಕಾಗುವುದು.

ಐದನೆಯ ಹಂತ, ಮುಚ್ಚಳ: ರಾತ್ರಿಯಾದರೆ, ಹೆಚ್ಚು ಒಣಗಿದ ಭಾಗಗಳಿಗೆ ವ್ಯಾಸಲೀನನ್ನು ತೆಳುವಾಗಿ ಹಚ್ಚಿರಿ. ಹಗಲಾದರೆ, ಮುಖ, ಕುತ್ತಿಗೆ ಮತ್ತು ತೆರೆದ ಭಾಗಗಳಿಗೆ ಸನ್‌ಸ್ಕ್ರೀನನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚತಕ್ಕದ್ದು. ಅದನ್ನು ಕ್ರೀಮಿನೊಡನೆ ಬೆರೆಸಬಾರದು; ಬೆರೆಸಿದರೆ ರಕ್ಷಣೆ ಕುಗ್ಗುವುದು. ಬಿಸಿಲಿನಲ್ಲಿಯೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಸನ್‌ಸ್ಕ್ರೀನ್ ಕೊಳ್ಳಲಾಗದವರು ತಲೆಯ ಮೇಲೆ ಸೆರಗು, ಟವೆಲು ಅಥವಾ ಟೊಪ್ಪಿಗೆ ಮತ್ತು ತುಂಬುತೋಳಿನ ಅಂಗಿ ಧರಿಸಿದರೆ ಒಳ್ಳೆಯ ರಕ್ಷಣೆ ದೊರೆಯುವುದು.

ವೈದ್ಯರು ಚರ್ಮಕ್ಕೆ ಔಷಧದ ಮುಲಾಮನ್ನು ಬರೆದುಕೊಟ್ಟಿದ್ದರೆ, ಅದಕ್ಕೂ ಮಾಯಿಶ್ಚರೈಸರಿಗೂ ನಡುವೆ ಸುಮಾರು ಅರ್ಧ ಗಂಟೆಯ ಅಂತರವಿರಲಿ. ಎರಡನ್ನೂ ಒಟ್ಟಿಗೆ ಬಳಿದರೆ ಔಷಧವು ತೆಳುವಾಗಿ, ರೋಗವಿಲ್ಲದ ಜಾಗಕ್ಕೂ ಹರಡುವುದು.

ಎಷ್ಟು ಹಚ್ಚಬೇಕು?

ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಕ್ರೀಮನ್ನು ಹಿಂಡಿದರೆ, ಅದು ಸುಮಾರು ಅರ್ಧ ಗ್ರಾಂ. ಇಷ್ಟು ಕ್ರೀಮು ಎರಡು ಅಂಗೈಗಳಷ್ಟು ಅಗಲದ ಚರ್ಮಕ್ಕೆ ಸಾಲುವುದು. ಮುಖ ಮತ್ತು ಕುತ್ತಿಗೆಗೆ ಇಂತಹ ಎರಡೂವರೆ ಅಳತೆ, ಒಂದು ತೋಳಿಗೆ ಮೂರು, ಒಂದು ಕಾಲಿಗೆ ಆರು, ಒಂದು ಪಾದಕ್ಕೆ ಎರಡು ಅಳತೆ ಬೇಕಾಗುವುದು.

ದುಬಾರಿ ಲೇಪನವನ್ನು ಕೊಂಡು, ಮುಗಿದೀತೆಂಬ ಭಯದಿಂದ ಚಿಟಿಕೆಯಷ್ಟು ಹಚ್ಚುವುದಕ್ಕಿಂತ, ಅಗ್ಗದ ಲೇಪನವನ್ನು ಧಾರಾಳವಾಗಿ ಹಚ್ಚುವುದು ಮೇಲು. ಸಾಮಾನ್ಯ ಕುಟುಂಬಕ್ಕೆ ಒಂದು ಸಾದಾ ಕ್ರೀಮು ಮತ್ತು ಒಂದು ಡಬ್ಬಿ ವ್ಯಾಸಲೀನು ಸಾಕು. ಅದೂ ಆಗದಿದ್ದರೆ, ಸ್ನಾನದ ನಂತರ ಒದ್ದೆ ಮೈಗೆ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಬಹುದು. ಆದರೆ ಮೊಡವೆಗಳುಳ್ಳವರು ಮುಖಕ್ಕೆ ಕೊಬ್ಬರಿ ಎಣ್ಣೆಯನ್ನು ಹಚ್ಚದಿರುವುದು ಲೇಸು.

ನಮ್ಮಲ್ಲಿ ಎಣ್ಣೆ ಸ್ನಾನದ ಪದ್ಧತಿ ಬಹು ಹಿಂದಿನದು, ಅದನ್ನು ಬಿಡಬೇಕಾಗಿಲ್ಲ. ಆದರೆ ಹಚ್ಚಿದ ಎಣ್ಣೆಯನ್ನೆಲ್ಲಾ ಸಾಬೂನು, ಕಡಲೆಹಿಟ್ಟುಗಳಿಂದ ತಿಕ್ಕಿ ತೆಗೆದು ಸುಮ್ಮನಾದರೆ, ಎಣ್ಣೆಯ ಬಹುಭಾಗ ಬಚ್ಚಲಿನ ಪಾಲಾಯಿತೆಂದೇ ಅರ್ಥ. ಸ್ನಾನಕ್ಕೆ ಮೊದಲು ಹಚ್ಚುವ ಎಣ್ಣೆಯಲ್ಲಿ ನಾಲ್ಕು ಹನಿಗಳನ್ನು ಉಳಿಸಿ, ಸ್ನಾನದ ನಂತರ ತೇವವಿರುವಾಗಲೇ ಸವರಿಕೊಳ್ಳಿರಿ.

ಒಡೆದ ಹಿಮ್ಮಡಿಗಳ ಆರೈಕೆ

ರಾತ್ರಿ ಊಟವಾದ ಬಳಿಕ ಪಾದಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ 15ರಿಂದ 20 ನಿಮಿಷ ನೆನೆಯಿಡಿ. ಮೆತ್ತಗಾದ ದಪ್ಪ ಚರ್ಮವನ್ನು ನುಣುಪಾದ ಕಲ್ಲಿನಿಂದ ಹಗುರವಾಗಿ ಉಜ್ಜಿರಿ. ಬ್ಲೇಡಿನಿಂದ ಎಂದಿಗೂ ಕೊಯ್ಯಬೇಡಿ. ಒದ್ದೆಯಿರುವಾಗಲೇ ವ್ಯಾಸಲೀನು ಅಥವಾ ಎಣ್ಣೆ ಹಚ್ಚಿ, ಹತ್ತಿಯ ಕಾಲುಚೀಲ ಧರಿಸಿ ಮಲಗಿರಿ. ವೈದ್ಯರ ಸಲಹೆಯಂತೆ ಯೂರಿಯಾ ಇರುವ ಮುಲಾಮನ್ನೂ ಬಳಸಬಹುದು. ಔಷಧದ ಅಂಗಡಿಯ ಯೂರಿಯಾ ಮುಲಾಮು ಬೇರೆ, ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರ ಬೇರೆ. ಗೊಬ್ಬರವನ್ನು ಕರಗಿಸಿ ಚರ್ಮಕ್ಕೆ ಹಚ್ಚುವ ಸಾಹಸ ಸರ್ವಥಾ ಕೂಡದು.

ಸಕ್ಕರೆ ಕಾಯಿಲೆಯವರು ಮತ್ತು ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವವರು ನೀರಿನ ಬಿಸಿಯನ್ನು ತಮ್ಮ ಪಾದದಿಂದ ಪರೀಕ್ಷಿಸಬಾರದು. ಮನೆಯ ಇನ್ನೊಬ್ಬರ ಕೈಯಿಂದ ಪರೀಕ್ಷಿಸಬೇಕು. ಇವರು ವೈದ್ಯರು ಹೇಳದೆ ಪಾದಗಳನ್ನು ನೀರಿನಲ್ಲಿ ನೆನೆಯಿಡಬಾರದು. ಬೆರಳುಗಳ ಸಂದಿಯಲ್ಲಿ ಲೇಪನ ಹಚ್ಚದೆ ಒಣಗಿಸಿಡಬೇಕು.

ಎಣ್ಣೆ, ವ್ಯಾಸಲೀನುಗಳು ಹೀರಿಕೊಂಡ ಬಟ್ಟೆಗೆ ಬೆಂಕಿ ಬೇಗನೆ ತಗಲುವುದು. ಇಂತಹ ಬಟ್ಟೆ ತೊಟ್ಟು ಒಲೆಯ ಮುಂದೆ ಕುಳಿತುಕೊಳ್ಳಬಾರದು.

ಶಿಶುಗಳು ಮತ್ತು ಗರ್ಭಿಣಿಯರು

ಹುಟ್ಟಿದ ಶಿಶುವಿನ ಮೈಮೇಲಿರುವ ಬಿಳಿಯ ಜಿಡ್ಡು ಕೊಳೆಯಲ್ಲ; ಅದು ಪ್ರಕೃತಿಯೇ ಹಚ್ಚಿದ ಮೊದಲ ಲೇಪನ. ಅದನ್ನು ತಿಕ್ಕಿ ತೆಗೆಯಬಾರದು. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆಗಳವರೆಗೆ ಮುಂದೂಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ತೂಕ ಕಡಿಮೆಯಿರುವ ಶಿಶುವಿಗೆ ಆರೋಗ್ಯ ಸಿಬ್ಬಂದಿ ಹೇಳುವವರೆಗೆ ಸ್ನಾನವೇ ಬೇಡ. ಅನಂತರ ಎಣ್ಣೆ ಹಚ್ಚುವಾಗ ಕೈ ಹಗುರವಾಗಿರಲಿ. ಕಿವಿ, ಮೂಗುಗಳಿಗೆ ಎಣ್ಣೆ ಬಿಡಬೇಡಿ. ಸಾಸಿವೆ ಎಣ್ಣೆಯು ಕೋಮಲ ಚರ್ಮವನ್ನು ಕೆರಳಿಸಬಹುದು. ಕೊಬ್ಬರಿ ಎಣ್ಣೆ ಉತ್ತಮ.

ಗರ್ಭಿಣಿಯರು ರೆಟಿನಾಲ್, ಟ್ರೆಟಿನಾಯಿನ್ ಅಥವಾ ಹೈಡ್ರೋಕ್ವಿನೋನ್ ಎಂಬ ಹೆಸರುಗಳಿರುವ ಲೇಪನಗಳನ್ನು ಬಳಸಬಾರದು. ಸಾದಾ ಮಾಯಿಶ್ಚರೈಸರ್, ವ್ಯಾಸಲೀನು, ಕೊಬ್ಬರಿ ಎಣ್ಣೆಗಳಿಂದ ಭಯವಿಲ್ಲ.

ಐದನೆಯ ಟ್ಯೂಬಿನ ಅಪಾಯ

ಮೇಲೆ ಹೇಳಿದ ವಿದ್ಯಾರ್ಥಿನಿಯ ಐದನೆಯ ಟ್ಯೂಬಿನಲ್ಲಿ ಸ್ಟೀರಾಯ್ಡ್ ಔಷಧವಿತ್ತು. "ಬೆಳ್ಳಗಾಗುವ ಕ್ರೀಮು" ಎಂದು ಗೆಳತಿಯೊಬ್ಬಳು ಕೊಟ್ಟದ್ದನ್ನು ಆಕೆ ನಾಲ್ಕು ತಿಂಗಳು ಹಚ್ಚಿದ್ದಳು. ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಮುಂತಾದ ಈ ಔಷಧಗಳು ವೈದ್ಯರ ಕೈಯಲ್ಲಿ ಅಮೂಲ್ಯವಾದವು. ಆದರೆ ದಿನನಿತ್ಯದ ಲೇಪನವಾಗಿ ಮುಖಕ್ಕೆ ಹಚ್ಚಿದರೆ ಮೊದಲು ಹೊಳಪು ಬಂದಂತೆ ಕಂಡು, ಕ್ರಮೇಣ ಚರ್ಮವು ತೆಳುವಾಗಿ, ಕೆಂಪಾಗಿ, ರಕ್ತನಾಳಗಳು ಎದ್ದು ಕಾಣುವುವು. ಮೊಡವೆ ಮತ್ತು ರೋಮ ಬೆಳೆಯುವುವು. ಹುಳುಕಡ್ಡಿಗೆ ಇದನ್ನು ಹಚ್ಚಿದರೆ ತುರಿಕೆ ತಾತ್ಕಾಲಿಕವಾಗಿ ಅಡಗಿ, ರೋಗವು ಮೈಯೆಲ್ಲಾ ಹರಡುವುದು. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು.

ಸಂತೆ, ಜಾತ್ರೆಗಳಲ್ಲಿ ಚೀಟಿಯಿಲ್ಲದ ಡಬ್ಬಿಯಲ್ಲಿ ದೊರೆಯುವ ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರುವ ಸಂಭವವುಂಟು. ಅದು ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ತಯಾರಕರ ವಿಳಾಸ, ಪದಾರ್ಥಗಳ ಪಟ್ಟಿ ಮತ್ತು ಅವಧಿಯ ದಿನಾಂಕವಿಲ್ಲದ ಯಾವುದನ್ನೂ ಕೊಳ್ಳಬೇಡಿ. ಮೈಬಣ್ಣವು ರೋಗವಲ್ಲ, ಅದಕ್ಕೆ ಚಿಕಿತ್ಸೆಯ ಅಗತ್ಯವಿಲ್ಲ.

ಆ ವಿದ್ಯಾರ್ಥಿನಿ ವೈದ್ಯರ ಮೇಲ್ವಿಚಾರಣೆಯಲ್ಲಿ ಆ ಟ್ಯೂಬನ್ನು ಕ್ರಮವಾಗಿ ಬಿಟ್ಟು, ಸಾದಾ ಕ್ರೀಮು ಮತ್ತು ಸನ್‌ಸ್ಕ್ರೀನ್ ಎರಡನ್ನೇ ಬಳಸಿದಳು. ಉರಿ ತಗ್ಗಲು ಮೂರು ತಿಂಗಳು ಬೇಕಾಯಿತು.

ಎಲ್ಲ ಒಣ ಮಚ್ಚೆಯೂ ಥಂಡಿಯದಲ್ಲ

ಇನ್ನೊಂದು ಸಂಗತಿಯನ್ನು ಹೇಳದೆ ಈ ಪಾಠವನ್ನು ಮುಗಿಸಲಾಗದು. ಕೂಲಿ ಕೆಲಸದ ಒಬ್ಬ ಮಧ್ಯವಯಸ್ಕನ ಮುಂಗೈಯ ಮೇಲೆ ಅಂಗೈಯಗಲದ, ಬಣ್ಣ ಮಾಸಿದ ಒಣ ಮಚ್ಚೆಯಿತ್ತು. ಥಂಡಿಗೆ ಹೀಗಾಗಿದೆ ಎಂದು ಅವನ ಹೆಂಡತಿ ಒಂದು ವರ್ಷ ತಪ್ಪದೆ ಎಣ್ಣೆ ಹಚ್ಚಿದಳು. ಬೇಸಿಗೆ ಬಂದರೂ ಅದು ಹೋಗಲಿಲ್ಲ. ಒಂದು ದಿನ ಒಲೆಯ ಕೆಂಡ ತಗಲಿ ಅಲ್ಲಿ ಬೊಬ್ಬೆ ಎದ್ದಿತು. ಅವನಿಗೆ ತಿಳಿಯಲೇ ಇಲ್ಲ. ಆಗ ಆಸ್ಪತ್ರೆಗೆ ಬಂದರು. ಅದು ಕುಷ್ಠರೋಗವಾಗಿತ್ತು. ಔಷಧದಿಂದ ರೋಗವು ವಾಸಿಯಾಯಿತು. ಆದರೆ ಅಷ್ಟರಲ್ಲಿ ನರಕ್ಕೆ ಪೆಟ್ಟುಬಿದ್ದು, ಕಿರುಬೆರಳು ಮಡಚಿಕೊಂಡಿತ್ತು. ಒಂದು ವರ್ಷ ಮೊದಲೇ ಬಂದಿದ್ದರೆ ಆ ಬೆರಳು ನೆಟ್ಟಗೆ ಉಳಿಯುತ್ತಿತ್ತು.

ಆದುದರಿಂದ ಬಣ್ಣ ಮಾಸಿದ ಅಥವಾ ಕೆಂಪಾದ, ಬೆವರದ, ಮುಟ್ಟಿದರೆ ಅರಿವಾಗದ ಮಚ್ಚೆ ಕಂಡರೆ ಲೇಪನಗಳಿಂದ ಕಾಲ ಕಳೆಯಬೇಡಿ. ಕುಷ್ಠರೋಗವು ಶಾಪವಲ್ಲ, ಪಾಪದ ಫಲವೂ ಅಲ್ಲ. ರೋಗಾಣುವಿನಿಂದ ಬರುವ ಕಾಯಿಲೆ. ಬಹುಔಷಧ ಚಿಕಿತ್ಸೆಯು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ರೋಗದ ಬಗೆಯನ್ನು ಅನುಸರಿಸಿ 6 ಅಥವಾ 12 ತಿಂಗಳಲ್ಲಿ ಚಿಕಿತ್ಸೆ ಪೂರ್ಣಗೊಳ್ಳುವುದು.

ಈ ಕೆಳಗಿನವರೂ ವೈದ್ಯರನ್ನು ಕಾಣತಕ್ಕದ್ದು: ಬಿರುಕಿನಲ್ಲಿ ಕೀವು ಅಥವಾ ರಕ್ತ ಕಂಡವರು, ಮನೆಯ ಹಲವರಿಗೆ ರಾತ್ರಿಯಲ್ಲಿ ತುರಿಕೆ ಹೆಚ್ಚಾಗುವ ಕುಟುಂಬದವರು (ಇದು ಕಜ್ಜಿ ಇರಬಹುದು), ಒಂದು ತಿಂಗಳು ಸರಿಯಾದ ಕ್ರಮ ಅನುಸರಿಸಿದರೂ ಗುಣ ಕಾಣದವರು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಿಚಾರಿಸಿರಿ. ಬಸವಕಲ್ಯಾಣ ಮತ್ತು ಹುಮನಾಬಾದಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ.

ನೆನಪಿಡಿ

ನೀರು ಮೊದಲು, ಜಿಡ್ಡು ಕೊನೆಗೆ.
ಒದ್ದೆ ಮೈಗೆ ಮೂರು ನಿಮಿಷದೊಳಗೆ ಲೇಪನ.
ಹಗಲಿಗೆ ಸನ್‌ಸ್ಕ್ರೀನ್ ಅಥವಾ ಸೆರಗಿನ ನೆರಳು; ರಾತ್ರಿಗೆ ವ್ಯಾಸಲೀನು.
ವೈದ್ಯರು ಬರೆಯದ ಟ್ಯೂಬು ಬೇಡ.
ಅರಿವಿಲ್ಲದ ಮಚ್ಚೆಗೆ ಎಣ್ಣೆಯಲ್ಲ, ಆಸ್ಪತ್ರೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಒಣಗಿದ ಚರ್ಮಕ್ಕೆ ವ್ಯಾಸಲೀನನ್ನು ನೇರವಾಗಿ ಹಚ್ಚಿದರೆ ಪೂರ್ಣ ಫಲ ದೊರೆಯದಿರಲು ಕಾರಣವೇನು?
2. ನಿಮ್ಮ ಮನೆಯಲ್ಲಿರುವ ಲೇಪನಗಳನ್ನು ಮೂರು ಬಗೆಗಳಾಗಿ ವಿಂಗಡಿಸಿರಿ. ಅವುಗಳಲ್ಲಿ ಅವಶ್ಯಕವಾದವು ಎಷ್ಟು?
3. ನಿಮ್ಮ ಮನೆಯವರಲ್ಲಿ ಯಾರ ಮೈಮೇಲಾದರೂ ಬಹುದಿನದಿಂದ ಒಣ ಮಚ್ಚೆ ಉಂಟೆ? ಅದನ್ನು ಹತ್ತಿಯ ಎಳೆಯಿಂದ ಮುಟ್ಟಿದಾಗ, ಕಣ್ಣು ಮುಚ್ಚಿಕೊಂಡ ಅವರಿಗೆ ತಿಳಿಯುವುದೇ?

ಮೂರನೆಯ ಪ್ರಶ್ನೆಗೆ "ತಿಳಿಯುವುದಿಲ್ಲ" ಎಂಬ ಉತ್ತರ ಬಂದರೆ, ಈ ಪುಸ್ತಿಕೆಯನ್ನು ಮುಚ್ಚಿಟ್ಟು ನಾಳೆ ಬೆಳಿಗ್ಗೆಯೇ ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ.